ಕಸ್ಯಾಪಿ

ಸಂಸ್ಕೃತದ ಸುಭಾಷಿತಸಂಗ್ರಹಗಳನ್ನು ತಿರುವಿ ನೋಡಿದ ವಾಚಕರಿಗೆ ‘ಕಸ್ಯಾಪಿ’ ಎಂಬ ಮಾತು ಹೊಸದಲ್ಲ. ಶ್ಲೋಕವನ್ನು ಬರೆದು ಅದರ ಅಡಿಯಲ್ಲಿ ಕವಿಯ ಹೆಸರನ್ನು ಕಾಣಿಸುವುದು ಆ ಸಂಗ್ರಹಕಾರರ ಸಂಪ್ರದಾಯ. ಹೆಸರು ತಿಳಿಯದಿದ್ದಲ್ಲಿ ಅವರು ಆ ಸ್ಥಳವನ್ನು ಬರಿದಾಗಿ ಬಿಡದೆ ‘ಕಸ್ಯಾಪಿ’, ಎಂದರೆ ‘ಯಾರೋ ಒಬ್ಬನದು’, ಎಂದು ಬರೆಯುವರು. 1205ರ ಶ್ರೀಧರದಾಸನ ಸದುಕ್ತಿಕರ್ಣಾಮೃತದಲ್ಲಿಯೂ 1363ರ ಶಾರ್ಙ್ಗಧರಪದ್ಧತಿಯಲ್ಲಿಯೂ ಇಂಥ ಅನಾಥ ಪದ್ಯಗಳು ಹೇರಳವಾಗಿರುವುವು. ಒಂದು ಸಂಗ್ರಹದಲ್ಲಿ ಒಬ್ಬ ಕವಿಯ ಹೆಸರಿನಲ್ಲಿರುವ ಪದ್ಯವು ಇನ್ನೊಂದರಲ್ಲಿ ಬೇರೊಬ್ಬನ ಹೆಸರಿನಲ್ಲಿರುವುದೂ ಉಂಟು. ನಾನು ಓದಿದ ಪಾಠಶಾಲೆಯಲ್ಲಿ, ಅನಧ್ಯಯನದ ದಿನಗಳಲ್ಲಿ, ನಮ್ಮ ಗುರುಗಳು ಎಲ್ಲಿಯದೋ ಒಂದು ಪದ್ಯವನ್ನು ಹೇಳಿ ‘ಕಸ್ಯ?’ ಎಂದು ಕೇಳುತ್ತಿದ್ದರು. ಸಮಾಸದ ನಡೆ, ಉಪಮಾನದ ಬಗೆ, ವೃತ್ತದ ಆಯ್ಕೆ ಇವುಗಳನ್ನು ಹಿಡಿದು ನಾವು ಕವಿಯನ್ನು ಊಹಿಸಬೇಕು. ಬಾಯಿಗೆ ಬಂದ ಹೆಸರನ್ನು ಹೇಳಿದರೆ ಸಾಲದು, ಹೇತುವನ್ನೂ ಕೊಡಬೇಕು. ಹೇತುವಿಲ್ಲದೆ ಸರಿಯಾದ ಹೆಸರನ್ನು ಹೇಳಿದವನಿಗಿಂತ ಹೇತುವಿನೊಡನೆ ತಪ್ಪು ಹೆಸರನ್ನು ಹೇಳಿದವನಿಗೇ ಅವರಲ್ಲಿ ಹೆಚ್ಚು ಮನ್ನಣೆ.

ಈ ವಿದ್ಯೆಯನ್ನು ಅರವತ್ತೇಳನೆಯ ವಯಸ್ಸಿನಲ್ಲಿ ನಾನು ಯಾವುದಕ್ಕೆ ಉಪಯೋಗಿಸುತ್ತಿದ್ದೇನೆಂಬುದನ್ನು ಹೇಳಿದರೆ ವಾಚಕರು ನಗಬಹುದು. 1960ರ ದಶಕದಲ್ಲಿ ಇಂಗ್ಲೆಂಡು, ಅಮೆರಿಕಾಗಳಲ್ಲಿ ಹುಟ್ಟಿ ಲೋಕವನ್ನೆಲ್ಲ ಸುತ್ತಿದ ಪಾಪ್ ಗೀತೆಗಳು ಕೆಲವುಂಟಷ್ಟೆ. ಅವುಗಳಲ್ಲಿ ಒಂದೊಂದನ್ನೂ ಹತ್ತಾರು ಮಂದಿ ಹಾಡಿರುವರು. ಅವರ ಭಾಷೆಯಲ್ಲಿ ಇಂಥ ಮರುಗಾಯನಕ್ಕೆ ‘ಕವರ್’ ಎಂದು ಹೆಸರು. ಎಲ್ಲರಿಗೂ ಗೊತ್ತಿರುವ ಗಾಯನ ಒಂದೇ, ಮಿಕ್ಕವು ಮರೆಯಲ್ಲಿರುವುವು. ಮರೆಯಲ್ಲಿರುವುದೊಂದನ್ನು ಕೇಳಿಸಿದಾಗ ಹಾಡಿದವರಾರೆಂದು ಊಹಿಸುವುದೇ ನನ್ನ ಈಗಿನ ಅನಧ್ಯಯನ ವಿನೋದ. ಈ ಚಪಲ ನನಗೆ ಹೇಗೆ ಹತ್ತಿತೆಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಆಟದ ಸ್ವರೂಪವನ್ನು ಸ್ವಲ್ಪ ತಿಳಿಸುವುದು ಯುಕ್ತ.

ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ, ಒಬ್ಬ ಕವಿಯ ಅರ್ಥವನ್ನು ಇನ್ನೊಬ್ಬನು ಹರಣಮಾಡುವ ವಿಷಯವನ್ನು ಕುರಿತು ಬಲು ಸ್ವಾರಸ್ಯವಾಗಿ ಬರೆದಿದ್ದಾನೆ. ಅವನು ಅದನ್ನು ಬರಿಯ ಕಳ್ಳತನವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದಿಲ್ಲ, ಭೇದಗಳನ್ನು ಮಾಡುತ್ತಾನೆ. ಕನ್ನಡಿಯೊಳಗಿನ ಬಿಂಬದಂತಿರುವುದು ಪ್ರತಿಬಿಂಬಕಲ್ಪ. ಚಿತ್ರಕಾರನು ಅಷ್ಟಿಷ್ಟು ಸಂಸ್ಕಾರಮಾಡಿ ಬೇರೆಯೆಂಬಂತೆ ತೋರಿಸಿದುದು ಆಲೇಖ್ಯಪ್ರಖ್ಯ. ವಿಷಯ ಬೇರೆಯಾದರೂ ಅವಳಿಜವಳಿಗಳಂತೆ ಒಂದೇ ರೂಪವಾಗಿ ಕಾಣುವುದು ತುಲ್ಯದೇಹಿತುಲ್ಯ. ಮೂಲ ಒಂದೇ ಆಗಿದ್ದು ಅಲಂಕಾರವೆಲ್ಲ ಬೇರೆಯಾಗಿ, ಪರರ ಪಟ್ಟಣವನ್ನು ಹೊಕ್ಕು ತನ್ನದಾಗಿ ಮಾಡಿಕೊಂಡಂತಿರುವುದು ಪರಪುರಪ್ರವೇಶಸದೃಶ. ರಾಜಶೇಖರನು ಕವಿಗಳ ವಿಷಯದಲ್ಲಿ ಹೇಳಿದುದನ್ನು ನಾನು ಗಾಯಕರಿಗೆ ಹಚ್ಚುವುದು ಸ್ವಾತಂತ್ರ್ಯವಹಿಸಿದಂತೆಯೇ ಸರಿ. ಆದರೆ ಹಚ್ಚಿ ನೋಡಿದರೆ ಎಷ್ಟು ಚೆನ್ನಾಗಿ ಹೊಂದುತ್ತದೆ!

ಪರಪುರಪ್ರವೇಶದಿಂದಲೇ ಆರಂಭಿಸುತ್ತೇನೆ. ‘ರೆಸ್ಪೆಕ್ಟ್’ ಎಂಬ ಹಾಡನ್ನು ಕಟ್ಟಿ ಹಾಡಿದವನು ಆಟಿಸ್ ರೆಡ್ಡಿಂಗ್, ವರ್ಷ 1965. ದುಡಿದು ಮನೆಗೆ ಬರುವ ಗಂಡಸು ತನಗೆ ಮನೆಯಲ್ಲಿ ಮರ್ಯಾದೆ ದೊರೆಯಬೇಕೆಂದು ಕೇಳುವ ಹಾಡು ಅದು. ಎರಡು ವರ್ಷಗಳ ಮೇಲೆ, 1967ರಲ್ಲಿ, ಅರೀಥಾ ಫ್ರಾಂಕ್ಲಿನ್ ಎಂಬಾಕೆ ಅದನ್ನು ಹಾಡಿದಳು. ಹೆಚ್ಚು ಮಾತುಗಳನ್ನು ಬದಲಾಯಿಸಲಿಲ್ಲ. ಹೇಳುವ ಬಾಯನ್ನು ಬದಲಾಯಿಸಿದಳು. ಮರ್ಯಾದೆಯನ್ನು ಕೇಳುವವಳು ಈಗ ಹೆಂಗಸು. ನಡುವೆ ಹಾಡು ನಿಂತು, ಆ ಪದದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳುವಳಲ್ಲ, ಆ ಭಾಗ ರೆಡ್ಡಿಂಗನ ಹಾಡಿನಲ್ಲಿ ಇಲ್ಲವೇ ಇಲ್ಲ. ಮೂವತ್ತೈದು ವರ್ಷ ಮಕ್ಕಳಿಂದ ಕಾಗುಣಿತ ಹೇಳಿಸಿದ ನನಗೆ, ಕಾಗುಣಿತದಲ್ಲಿ ಇಂಥ ಕೆಚ್ಚು ಅಡಗಿರಬಹುದೆಂಬುದು ಅದನ್ನು ಕೇಳಿದ ಮೇಲೆಯೇ ತಿಳಿದುದು. ಆ ಹಾಡು ಅಮೆರಿಕಾದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೆ ಏರಿ ಹೆಂಗಸರ ಹಕ್ಕಿಗೂ ಕಪ್ಪು ಜನಾಂಗದ ಹಕ್ಕಿಗೂ ಘೋಷಣೆಯಂತಾಯಿತು. ಅದೇ ವರ್ಷ ಜೂನ್ ತಿಂಗಳಲ್ಲಿ ಮಾಂಟೆರೇ ಊರಿನ ಸಂಗೀತೋತ್ಸವದಲ್ಲಿ ರೆಡ್ಡಿಂಗನು ತಾನು ಕಟ್ಟಿದ ಹಾಡನ್ನು ಹಾಡುವ ಮೊದಲು, ಇದನ್ನು ಒಬ್ಬ ಹುಡುಗಿ ನನ್ನಿಂದ ಕಿತ್ತುಕೊಂಡು ಹೋದಳೆಂಬ ಭಾವದಲ್ಲಿ ಸಭಿಕರೊಡನೆ ಪರಿಹಾಸ್ಯ ಮಾಡಿದನು. ಆ ಪರಿಹಾಸ್ಯದಲ್ಲಿ ಹೊಟ್ಟೆಕಿಚ್ಚು ಕಾಣದು, ಒಪ್ಪಿಗೆ ಕಾಣುವುದು. ಡಿಸೆಂಬರ್ 10ರಂದು ವಿಮಾನಾಪಘಾತದಲ್ಲಿ ಅವನು ತೀರಿಕೊಂಡನು. ವಯಸ್ಸು ಇಪ್ಪತ್ತಾರು.

ಇದೇ ರೆಡ್ಡಿಂಗನು ಇನ್ನೊಬ್ಬರ ಪಟ್ಟಣಕ್ಕೆ ನುಗ್ಗಿದುದೂ ಉಂಟು. ರೋಲಿಂಗ್ ಸ್ಟೋನ್ಸ್ ತಂಡದವರ ‘ಸ್ಯಾಟಿಸ್‌ಫ್ಯಾಕ್ಷನ್’ 1965ರಲ್ಲಿ ಹೊರಬಂದಿತು. ಅದರ ಆರಂಭದಲ್ಲಿ ಗಿಟಾರು ಗೊಗ್ಗರ ಧ್ವನಿಯಲ್ಲಿ ನುಡಿಸುವ ಒಂದು ತುಣುಕು ಲೋಕಪ್ರಸಿದ್ಧ. ಆದರೆ ಆ ತುಣುಕನ್ನು ಕಟ್ಟಿದ ಕೀತ್ ರಿಚರ್ಡ್ಸನ ಮನಸ್ಸಿನಲ್ಲಿದ್ದುದು ತುತ್ತೂರಿಗಳು. ಗಿಟಾರಿನಲ್ಲಿ ನುಡಿಸಿದುದು ಬರಿಯ ಕರಡು. ಕರಡೇ ಅಚ್ಚಾಗಿ ಹೊರಬಿದ್ದಿತು. ಅದೇ ವರ್ಷ ರೆಡ್ಡಿಂಗನು ಆ ಹಾಡನ್ನು ಹಾಡಿದಾಗ ಆ ತುಣುಕನ್ನು ತುತ್ತೂರಿಗಳಿಂದಲೇ ನುಡಿಸಿದನು! ಪಾಠಾಂತರಗಳೊಡನೆ ಹೆಣಗಿದವರಿಗೆ ಇದರ ಸೊಗಸು ತಿಳಿಯುತ್ತದೆ. ಪ್ರತಿಯು ಮೂಲಕ್ಕಿಂತ ಮೂಲಾಭಿಪ್ರಾಯಕ್ಕೆ ಹತ್ತಿರ. ನಮ್ಮ ಸಂಪಾದಕರು ಇಂಥ ಸಂದರ್ಭದಲ್ಲಿ ಯಾವುದನ್ನು ಮೇಲಿಟ್ಟು ಯಾವುದನ್ನು ಅಡಿಟಿಪ್ಪಣಿಗೆ ಇಳಿಸುವರೋ ನೋಡಬೇಕು.

ಆಲೇಖ್ಯಪ್ರಖ್ಯಕ್ಕೆ ‘ಟ್ವಿಸ್ಟ್ ಆ್ಯಂಡ್ ಶೌಟ್’ ಉದಾಹರಣೆ. ಬೀಟಲ್ಸರದೆಂದೇ ಎಲ್ಲರೂ ತಿಳಿದಿರುವ ಹಾಡು. 1963ರ ಫೆಬ್ರವರಿ 11ರಂದು ಅವರು ತಮ್ಮ ಮೊದಲನೆಯ ದೊಡ್ಡ ತಟ್ಟೆಗಾಗಿ ದಿನವೆಲ್ಲ ಹಾಡಿ ಹಾಡಿ ಕಡೆಗೆ ಇದನ್ನು ಹಾಡಿದರು. ಲೆನ್ನನನಿಗೆ ಶೀತವಾಗಿ ಗಂಟಲು ಕೆಟ್ಟಿತ್ತು. ಆ ಒಡೆದ ಗಂಟಲೇ ಹಾಡಿನ ಜೀವವಾಯಿತು. ಆದರೆ ಅವರು ಮುಂದಿಟ್ಟುಕೊಂಡ ಮೇಲ್ಪಂಕ್ತಿ 1962ರಲ್ಲಿ ಐಸ್ಲಿ ಸಹೋದರರು ಹಾಡಿದುದು. ಅದಕ್ಕೂ ಹಿಂದೆ, 1961ರಲ್ಲಿ, ಟಾಪ್ ನೋಟ್ಸ್ ಎಂಬವರು ಹಾಡಿದುದೊಂದುಂಟು. ಅದನ್ನು ಕೇಳಿಸಿದರೆ ಇದು ಅದೇ ಹಾಡೆಂದು ನಂಬುವುದೇ ಕಷ್ಟ. ತಂದೆಯ ಮುಖ ಮಗನಲ್ಲಿ ಕಾಣದೆ ಮೊಮ್ಮಗನಲ್ಲಿಯೂ ಕಾಣದೆ ಹೋದ ಸಂಸಾರವದು.

ಮೂರನೆಯ ಬಗೆಯನ್ನು ಬೇಗ ದಾಟುತ್ತೇನೆ. ಡೇವಿಡ್ ಬೋವಿಯ ‘ಸ್ಪೇಸ್ ಆಡಿಟಿ’ 1969ರಲ್ಲಿ ಆಕಾಶಯಾನಿಯೊಬ್ಬನ ಕಥೆಯಾಗಿ ಹುಟ್ಟಿತು. ಅವನೇ ಅದನ್ನು ಇಟಾಲಿಯನ್ ಭಾಷೆಯಲ್ಲಿ ಹಾಡಿದಾಗ ಅದು ಒಂಟಿ ಹುಡುಗ, ಒಂಟಿ ಹುಡುಗಿಯರ ಪ್ರಣಯವಾಗಿಬಿಟ್ಟಿತು. ಆಕಾಶವೂ ಇಲ್ಲ, ಯಾನವೂ ಇಲ್ಲ. ದೇಹ ಒಂದು, ಆತ್ಮ ಬೇರೆ. ನಮ್ಮ ದೇಶದಲ್ಲಿಯೂ ಇದಕ್ಕೆ ದೃಷ್ಟಾಂತ ಬೇಕಾದರೆ 1965ರ ‘ಜಾನ್ವರ್’ ಎಂಬ ಹಿಂದಿ ಚಿತ್ರದಲ್ಲಿ ಬೀಟಲ್ಸರ ಒಂದು ಧಾಟಿ ಬೇರೆ ಮಾತುಗಳನ್ನು ಉಟ್ಟುಕೊಂಡು ಬಂದಿದೆ. 1970ರಲ್ಲಿ ಆನಂದ ಶಂಕರರು ರೋಲಿಂಗ್ ಸ್ಟೋನ್ಸರ ಹಾಡೊಂದನ್ನು ಸಿತಾರಿನಲ್ಲಿ ನುಡಿಸಿದುದಂತೂ, ಇಂಥ ಸಂಗ್ರಹ ಮಾಡುವವರಿಗೆಲ್ಲ ಇಂದಿಗೂ ಪ್ರಿಯವಾಗಿದೆ. ಇನ್ನು 1965ರಲ್ಲಿ ಪೀಟರ್ ಸೆಲರ್ಸ್ ಎಂಬ ಹಾಸ್ಯನಟನು ಬೀಟಲ್ಸರ ‘ಎ ಹಾರ್ಡ್ ಡೇಸ್ ನೈಟ್’ ಹಾಡಿನ ಮಾತುಗಳನ್ನು, ಲಾರೆನ್ಸ್ ಒಲಿವಿಯೇ ಮೂರನೆಯ ರಿಚರ್ಡನ ಪಾತ್ರ ವಹಿಸಿದ ಧಾಟಿಯಲ್ಲಿ ಗಂಭೀರವಾಗಿ ವಾಚಿಸಿ ತಟ್ಟೆಮಾಡಿದನು. ಇದನ್ನು ಯಾವ ಭೇದದಲ್ಲಿ ಸೇರಿಸಬೇಕೆಂಬುದು ರಾಜಶೇಖರನಿಗೂ ಹೊಳೆಯುತ್ತಿರಲಿಲ್ಲ.

ಇನ್ನು ಊಹೆಯ ವಿಷಯ. ಧೂಮದಿಂದ ಅಗ್ನಿಯನ್ನು ಊಹಿಸಬೇಕಾದರೆ ಅವೆರಡಕ್ಕೂ ತಪ್ಪದ ಸಂಬಂಧವಿರಬೇಕೆಂಬುದು ತರ್ಕದ ಮೊದಲನೆಯ ಪಾಠ. ಧ್ವನಿಯನ್ನು ಕೇಳಿ ಗಾಯಕರನ್ನು ಊಹಿಸುವಾಗ ಸಂಬಂಧ ತಪ್ಪದೆ ಇರುತ್ತದೆಯೆ? ‘ಈ ಧ್ವನಿಯಲ್ಲಿ ಚರ್ಚಿನ ಭಜನೆಯ ಬಿಸಿಯಿದೆ, ಆದುದರಿಂದ ಹಾಡಿದವರು ಕಪ್ಪು ಜನಾಂಗದವರು’ ಎಂದು ಊಹಿಸುವವರು ಬಹುಮಂದಿ. ಹೇತು ಸವ್ಯಭಿಚಾರ. ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಎಂಬಾಕೆಯ ಧ್ವನಿಯನ್ನು ಮಾತ್ರ ಕೇಳಿದ ಅನೇಕರು ಅವಳನ್ನು ಅಮೆರಿಕಾದ ಕಪ್ಪು ಹೆಣ್ಣುಮಗಳೆಂದೇ ತಿಳಿದಿದ್ದರು. ಅವಳು ಲಂಡನ್ನಿನ ಬಿಳಿಯ ಹೆಂಗಸು. 1968ರಲ್ಲಿ ಅವಳಿಗೆ ಹೆಸರು ತಂದ ಧರ್ಮೋಪದೇಶಕನ ಮಗನ ಹಾಡನ್ನು ಮೊದಲು ಅರೀಥಾಳಿಗೇ ಕೊಡಹೋಗಿದ್ದರು, ಅವಳು ಬೇಡವೆಂದಳು. ಮುಂದೆ ಡಸ್ಟಿಯ ಗಾಯನ ಕೀರ್ತಿಗೆ ಬಂದಮೇಲೆ 1970ರಲ್ಲಿ ಅರೀಥಾಳೂ ಹಾಡಿದಳು. ಇತ್ತ ಚಾರ್ಲಿ ಪ್ರೈಡ್ ಎಂಬವನು ಬಿಳಿಯ ರೈತಾಪಿ ಜನರದೆಂದು ಹೆಸರಾದ ಕಂಟ್ರಿ ಸಂಗೀತವನ್ನು ಹಾಡುತ್ತಿದ್ದನು. 1966ರಲ್ಲಿ ಅವನ ಮೊದಲ ತಟ್ಟೆಗಳನ್ನು ರೇಡಿಯೋ ಕೇಂದ್ರಗಳಿಗೆ ಕಳುಹಿಸುವಾಗ ಅವನ ಭಾವಚಿತ್ರವನ್ನು ಜೊತೆಯಲ್ಲಿ ಇಡಲಿಲ್ಲ. ಏಕೆಂದರೆ ಅವನು ಕಪ್ಪು ಜನಾಂಗದವನು. ಕೇಳಿದವರು ಊಹಿಸಿಕೊಂಡದ್ದೇ ಬೇರೆ. ಧೂಮವಿದ್ದಲ್ಲೆಲ್ಲ ಅಗ್ನಿಯಿರುವುದೇನೋ ನಿಜ. ಆದರೆ ದೂರದಿಂದ ಕಂಡದ್ದು ಧೂಮವೋ ಮಂಜೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು.

ಹಾಗಾದರೆ ಯಾವ ಹೇತು ನೆಚ್ಚಿಕೆಗೆ ಅರ್ಹ? ನನ್ನ ಅನುಭವದಲ್ಲಿ ಧ್ವನಿಗಿಂತ ಉಸಿರು ಮೇಲು. ಗಾಯಕನು ಮಾತಿನ ಯಾವೆಡೆಯಲ್ಲಿ ಉಸಿರನ್ನು ಎಳೆದುಕೊಳ್ಳುತ್ತಾನೆ, ತಾಳಕ್ಕಿಂತ ಎಷ್ಟು ಹಿಂದೆ ಬೀಳುತ್ತಾನೆ, ಪದದ ಕೊನೆಯ ವ್ಯಂಜನವನ್ನು ನುಂಗುತ್ತಾನೆಯೋ ಉಚ್ಚರಿಸುತ್ತಾನೆಯೋ—ಇವು ಸುಲಭವಾಗಿ ಅನುಕರಣೆಗೆ ಸಿಕ್ಕುವುವಲ್ಲ. ವೇದಪಾಠ ಹೇಳಿಕೊಟ್ಟ ಗುರುಗಳನ್ನು ಶಿಷ್ಯನ ಉಸಿರಿನಿಂದ ಗುರುತಿಸುವಂತೆ ಇಲ್ಲಿಯೂ ಗುರುತಿಸಬಹುದು. ರೇ ಚಾರ್ಲ್ಸನು 1968ರಲ್ಲಿ ಹಾಡಿದ ‘ಎಲೆನಾರ್ ರಿಗ್ಬಿ’ಯನ್ನು ಎರಡು ಗಳಿಗೆ ಕೇಳಿದರೆ ಸಾಕು, ಅವನು ತಾಳವನ್ನು ಮುಂದೆ ಹೋಗಬಿಟ್ಟು ತಾನು ಹಿಂದಿನಿಂದ ಬರುವ ನಡಿಗೆ ಇನ್ನೊಬ್ಬರಿಗಿಲ್ಲ.

ಈಗ ಆ ಚಪಲದ ಮೂಲಕ್ಕೆ ಬರುತ್ತೇನೆ. ನಾನು ಕೆಲಸಮಾಡಿದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಉಪಾಧ್ಯಾಯರೊಬ್ಬರಿದ್ದರು. ಇಲ್ಲಿ ಅವರನ್ನು ರಾಯರೆಂದು ಕರೆದರೆ ಸಾಕು. ಸಂಸ್ಕೃತಕ್ಕೂ ಇಂಗ್ಲಿಷಿಗೂ ವೇಳಾಪಟ್ಟಿಯಲ್ಲಿ ನಡೆಯುವ ಸಹಜವೈರ ನಮ್ಮಿಬ್ಬರಲ್ಲಿಯೂ ಇಪ್ಪತ್ತೆರಡು ವರ್ಷ ಸುಸೂತ್ರವಾಗಿ ನಡೆಯಿತು. ಎಳೆಯ ವಯಸ್ಸಿನಲ್ಲಿ ರೇಡಿಯೋ ಸಿಲೋನಿನಿಂದ ಹತ್ತಿಸಿಕೊಂಡ ಈ ಹಾಡುಗಳ ಹುಚ್ಚು ಅವರಿಗೆ ಬಿಡಲೇ ಇಲ್ಲ. ಸಂಬಳದ ದಿನ ಬೆಂಗಳೂರಿಗೆ ಹೋಗಿ ಹಳೆಯ ತಟ್ಟೆಗಳನ್ನು ಕೊಂಡು ತರುವರು, ಮನೆಯಲ್ಲಿ ಬೈಸಿಕೊಳ್ಳುವರು. ವಿಶ್ರಾಂತಿಯ ವೇಳೆಯಲ್ಲಿ ನನ್ನನ್ನು ಹಿಡಿದು, ‘ಶಾಸ್ತ್ರಿಗಳೇ, ಈ ಹಾಡನ್ನು ಮೊದಲು ಹಾಡಿದವರಾರು, ಹೇಳಿ ನೋಡೋಣ’ ಎನ್ನುವರು. ನಾನು ‘ಕಸ್ಯಾಪಿ’ ಎಂದು ಹೇಳಿ ಎದ್ದುಹೋಗುತ್ತಿದ್ದೆನು.

ಮೂರು ವರ್ಷಗಳ ಹಿಂದೆ ರಾಯರಿಗೆ ಲಕ್ವ ಹೊಡೆದು ಬಲಗೈಯೂ ಮಾತೂ ಹೋದುವು. ಕೈಯಲ್ಲಿ ಸ್ವಲ್ಪ ಚೇತನ ಬಂದಿತು, ಮಾತು ಬರಲಿಲ್ಲ. ಬುದ್ಧಿಗೆ ಏನೂ ಆಗಿಲ್ಲ. ಹೇಳಿದುದೆಲ್ಲ ತಿಳಿಯುತ್ತದೆ, ಹೇಳಬೇಕಾದುದು ತುಟಿಯವರೆಗೆ ಬಂದು ನಿಲ್ಲುತ್ತದೆ. ಅದರಲ್ಲಿಯೂ ಹೆಸರುಗಳು. ಹೆಂಡತಿಯ ಹೆಸರನ್ನು ಹೇಳಹೋಗಿ ಹೇಳಲಾರದೆ ಅವರು ಕಣ್ಣುಮುಚ್ಚಿಕೊಂಡುದನ್ನು ನಾನು ಕಂಡಿದ್ದೇನೆ. ಆದರೆ ಒಂದು ವಿಚಿತ್ರ: ಮಾತನಾಡಲಾರದವರು ಹಾಡಬಲ್ಲರು. ಮಾತಿನ ನೆಲೆ ಮಿದುಳಿನ ಎಡಭಾಗದಲ್ಲಿ ಹೆಚ್ಚಾಗಿದ್ದು, ರಾಗದ ನೆಲೆಗೆ ಬಲಭಾಗದ ಆಸರೆಯೂ ಇರುವುದರಿಂದ ಇಂಥ ರೋಗಿಗಳಲ್ಲಿ ಕೆಲವರು ಹಾಡನ್ನು ಉಳಿಸಿಕೊಳ್ಳುವರೆಂದು ವೈದ್ಯರು ವಿವರಿಸಿದರು. ಹಾಡುಗಳನ್ನು ಕೇಳಿಸಿರೆಂದು ಅವರೇ ಸೂಚಿಸಿದುದು.

ಹೀಗಾಗಿ ಪ್ರತಿ ಭಾನುವಾರ ನಾನು ಅಲ್ಲಿಗೆ ಹೋಗುತ್ತೇನೆ. ರಾಯರ ಮಗಳು, ನನ್ನ ಹಳೆಯ ವಿದ್ಯಾರ್ಥಿನಿ, ತಟ್ಟೆಗಳನ್ನು ಹಾಕುವಳು. ಇಲ್ಲದವನ್ನು ತನ್ನ ಮೊಬೈಲಿನಲ್ಲಿ ಹುಡುಕಿ ಕೇಳಿಸುವಳು. ಹಾಡು ಕೇಳಿದೊಡನೆಯೇ ಹಾಡಿದವರ ಹೆಸರನ್ನು ಹೇಳಿಬಿಡುವ ಯಂತ್ರೋಪಾಯವೂ ಆ ಮೊಬೈಲಿನಲ್ಲಿದೆಯಂತೆ. ಅದನ್ನು ನಮ್ಮ ಸಭೆಯಲ್ಲಿ ನಿಷೇಧಿಸಿದ್ದೇವೆ. ಹಾಡಿದವರಾರೆಂಬುದು ರಾಯರಿಗೆ ಮೊದಲನೆಯ ಸಾಲಿನಲ್ಲಿಯೇ ತಿಳಿಯುತ್ತದೆ. ಅದು ಅವರ ಮುಖದಲ್ಲಿ ಕಾಣುತ್ತದೆ. ಹೆಸರನ್ನು ಹೇಳಬೇಕಾದವನು ಮಾತ್ರ ನಾನು. ನಾನು ಹೆಸರುಗಳನ್ನು ಒಂದೊಂದಾಗಿ, ಹೇತುವಿನೊಡನೆ, ಮುಂದಿಡುತ್ತೇನೆ. ಅವರು ಎಡಗೈಯ ಬೆರಳನ್ನು ಅಡ್ಡ ಆಡಿಸಿದರೆ ಅಲ್ಲ, ಎತ್ತಿದರೆ ಹೌದು. ಸರಿಯಾದ ಹೆಸರು ನನ್ನ ಬಾಯಿಂದ ಬಿದ್ದ ಕ್ಷಣದಲ್ಲಿ, ತಾನು ಹುಡುಕುತ್ತಿದ್ದುದನ್ನು ಯಾರೋ ಕೈಗೆ ಕೊಟ್ಟಂತೆ ಅವರು ಅದನ್ನು ಒಮ್ಮೊಮ್ಮೆ ನನ್ನ ಹಿಂದೆಯೇ ಉಚ್ಚರಿಸುವರು. ಹೋದ ವೈಶಾಖದಲ್ಲಿ ‘ಅರ್ಮಾ’ ಎಂದರು. ಹದಿನಾಲ್ಕು ತಿಂಗಳಲ್ಲಿ ಅವರಾಡಿದ ಮೊದಲನೆಯ ಹೊಸ ಪದ ಅದು. ಅವರ ಮನೆಯವರು ಅಡಿಗೆಮನೆಯಿಂದ ಓಡಿಬಂದು, ಅರ್ಮಾ ಯಾರೆಂದು ನನ್ನನ್ನೇ ಕೇಳಿದರು.

ಅರ್ಮಾ ಫ್ರಾಂಕ್ಲಿನ್ ಅರೀಥಾಳ ಅಕ್ಕ. ‘ರೆಸ್ಪೆಕ್ಟ್’ ಹಾಡಿನಲ್ಲಿ ಹಿಂದೆ ನಿಂತು ಸೊಲ್ಲು ಸೇರಿಸಿದವರಲ್ಲಿ ಒಬ್ಬಳು. 1967ರಲ್ಲಿ ಅವಳು ‘ಪೀಸ್ ಆಫ್ ಮೈ ಹಾರ್ಟ್’ ಎಂಬ ಹಾಡನ್ನು ಹಾಡಿದಳು. ಮಾರನೆಯ ವರ್ಷ ಜಾನಿಸ್ ಜಾಪ್ಲಿನ್ ಎಂಬ ಬಿಳಿಯ ಹುಡುಗಿ ಅದನ್ನೇ ಕಿರುಚಿ ಹಾಡಿ ಲೋಕವನ್ನು ಗೆದ್ದಳು. ಇಂದು ಆ ಹಾಡೆಂದರೆ ಜಾಪ್ಲಿನ್. ಅರ್ಮಾಳ ಗಾಯನದಲ್ಲಿ ನೋವು ಬಿಗಿಹಿಡಿದ ನೋವು. ಜಾಪ್ಲಿನ್ನಳದು ಕಟ್ಟೆಯೊಡೆದ ನೋವು. ನನಗೆ ಬಿಗಿಹಿಡಿದುದೇ ಮೇಲೆನ್ನಿಸುತ್ತದೆ. ಜಾಪ್ಲಿನ್ನಳ ಗಾಯನವನ್ನು ಕಾರಿನ ರೇಡಿಯೋದಲ್ಲಿ ಮೊದಲು ಕೇಳಿದಾಗ ಇದು ತಾನು ಹಾಡಿದ ಹಾಡೆಂದು ಅರ್ಮಾಳಿಗೆ ಗುರುತು ಹತ್ತಲಿಲ್ಲವಂತೆ. 1992ರಲ್ಲಿ ಇಂಗ್ಲೆಂಡಿನಲ್ಲಿ ಷರಾಯಿಯ ಜಾಹೀರಾತೊಂದಕ್ಕೆ ಅವಳ ಗಾಯನವನ್ನು ಉಪಯೋಗಿಸಿದ ಮೇಲೆ ಆ ತಟ್ಟೆ ಮತ್ತೆ ಹೊರಬಂದು ಅಲ್ಲಿಯ ಮೊದಲ ಹತ್ತರಲ್ಲಿ ಸೇರಿತು. ಇಪ್ಪತ್ತೈದು ವರ್ಷಗಳ ಮೇಲೆ! ತಂಗಿಯ ನೆರಳಿನಲ್ಲಿ ಒಮ್ಮೆ, ಜಾಪ್ಲಿನ್ನಳ ನೆರಳಿನಲ್ಲಿ ಒಮ್ಮೆ ನಿಂತವಳಿಗೆ ಬಿಸಿಲು ಸೋಕಿದುದು ಒಂದು ಷರಾಯಿಯ ಕೃಪೆಯಿಂದ.

ಜ್ಯೇಷ್ಠತ್ವದ ನಿರ್ಣಯವೂ ಸುಲಭವಲ್ಲ. ‘ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್’ ಎಂಬುದನ್ನು ಮೊದಲು ಧ್ವನಿಮುದ್ರಿಸಿದವರು 1966ರಲ್ಲಿ ಮಿರಕಲ್ಸ್ ತಂಡದವರು. ಅನಂತರ 1967ರಲ್ಲಿ ಮಾರ್ವಿನ್ ಗೇ. ಎರಡನ್ನೂ ಮೋಟೌನ್ ಸಂಸ್ಥೆಯ ಯಜಮಾನರು ಒಪ್ಪದೆ ಮೂಲೆಗಿಟ್ಟರು. ಮೂರನೆಯದಾಗಿ ಗ್ಲಾಡಿಸ್ ನೈಟ್ ಮತ್ತು ಅವಳ ಸಂಗಡಿಗರು ಹಾಡಿದುದು 1967ರಲ್ಲಿಯೇ ಮೊದಲು ಮಾರುಕಟ್ಟೆಗೆ ಬಂದಿತು. ಗೇ ಹಾಡಿದುದು 1968ರಲ್ಲಿ ಹೊರಬಂದು ಎಲ್ಲವನ್ನೂ ಮೀರಿಸಿತು. ಹಿರಿಯ ಮಗನು ಮನೆಯಲ್ಲಿಯೇ ಕುಳಿತನು, ಕಿರಿಯಳು ಮೊದಲು ಮದುವೆಯಾದಳು, ನಡುವಿನವನು ಪಟ್ಟಕ್ಕೆ ಬಂದನು. ರಾಯರ ಮಗಳು ಪುಸ್ತಕದಲ್ಲಿ ಯಾರನ್ನು ಮೊದಲು ಬರೆಯಲಿ ಎಂದು ಕೇಳಿದಳು. ನಾವು ಅದಕ್ಕಾಗಿಯೇ ಮೂರು ಕಂಬಸಾಲುಗಳನ್ನು ಮಾಡಿಕೊಂಡೆವು: ಕಟ್ಟಿದವರು, ಮೊದಲು ಹಾಡಿದವರು, ಹೆಸರು ಪಡೆದವರು.

‘ರೆಡ್ ರೆಡ್ ವೈನ್’ ಹಾಡಿಗೆ ಈ ಸಾಲುಗಳು ಬಹಳ ಉಪಕಾರಿ. ಅದನ್ನು 1967ರಲ್ಲಿ ಕಟ್ಟಿ ಹಾಡಿದವನು ನೀಲ್ ಡೈಮಂಡ್. 1969ರಲ್ಲಿ ಟೋನಿ ಟ್ರೈಬ್ ಎಂಬ ಜಮೈಕದವನು ಅದಕ್ಕೆ ತನ್ನ ನಾಡಿನ ಲಯವನ್ನು ಕೊಟ್ಟನು. 1983ರಲ್ಲಿ ಅದನ್ನು ಮತ್ತೆ ಹಾಡಿ ಕೀರ್ತಿ ಪಡೆದ ಯೂಬಿ ಫಾರ್ಟಿ ತಂಡದವರಿಗೆ ಗೊತ್ತಿದ್ದುದು ಈ ನಡುವಿನದೊಂದೇ. ತಟ್ಟೆಯ ಮೇಲೆ ‘ಎನ್. ಡೈಮಂಡ್’ ಎಂದಿದ್ದುದನ್ನು ಕಂಡು, ಜಮೈಕದ ಯಾರೋ ನೀಗಸ್ ಡೈಮಂಡನಿರಬೇಕೆಂದು ಅವರು ತಿಳಿದಿದ್ದರಂತೆ. ಒಂದು ಅಕ್ಷರದ ಸಂಕ್ಷೇಪದಿಂದ ಇಲ್ಲದ ಕವಿಯೊಬ್ಬನು ಹುಟ್ಟಿದನು. ನಮ್ಮ ಸುಭಾಷಿತಗಳ ಕವಿಗಳಲ್ಲಿ ಎಷ್ಟು ಮಂದಿ ಹೀಗೆ ಹುಟ್ಟಿದವರೋ!

ಪ್ರತಿಬಿಂಬಕಲ್ಪವನ್ನು ಇನ್ನೂ ಹೇಳಲಿಲ್ಲ. ಅದು ಬಡವರಿಗಾಗಿ ಹುಟ್ಟಿದ ಬಗೆ. ಇಂಗ್ಲೆಂಡಿನಲ್ಲಿ ಎಂಬೆಸಿ ಎಂಬ ಹೆಸರಿನ ತಟ್ಟೆಗಳು 1954ರಿಂದ 1965ರವರೆಗೆ ವುಲ್‌ವರ್ತ್ ಅಂಗಡಿಗಳಲ್ಲಿ ಮಾತ್ರ ಮಾರುತ್ತಿದ್ದುವು. ಆ ವಾರದ ಪ್ರಸಿದ್ಧ ಹಾಡುಗಳನ್ನು, ಮೂಲದಂತೆಯೇ ಕೇಳಿಸುವ ಹಾಗೆ, ಬೇರೆಯವರಿಂದ ಹಾಡಿಸಿ ಅಗ್ಗದ ಬೆಲೆಗೆ ಕೊಡುವುದು ಅವರ ವ್ಯಾಪಾರ. ಗಾಯಕರಿಗೆ ಹಲವು ವೇಳೆ ಕಲ್ಪಿತ ನಾಮಗಳು. 1968ರಿಂದ ಬಂದ ‘ಟಾಪ್ ಆಫ್ ದ ಪಾಪ್ಸ್’ ಎಂಬ ದೊಡ್ಡ ತಟ್ಟೆಗಳ ಮಾಲೆಯಲ್ಲಿ ಆ ಕಲ್ಪಿತ ನಾಮವೂ ಇಲ್ಲ. ಹೊದಿಕೆಯ ಮೇಲೆ ನಗುವ ಸುಂದರಿಯ ಚಿತ್ರ. ಹಾಡಿದವರ ಸುದ್ದಿಯೇ ಇಲ್ಲ. ಅಂಥ ಹಾಡುಗಳನ್ನು ಕೂಲಿಗಾಗಿ ಹಾಡಿದವರಲ್ಲಿ ರೆಜಿನಾಲ್ಡ್ ಡ್ವೈಟ್ ಎಂಬ ಯುವಕನೊಬ್ಬನಿದ್ದನು. ಮುಂದೆ ಅವನೇ ಎಲ್ಟನ್ ಜಾನ್ ಎಂಬ ಹೆಸರಿನಿಂದ ಜಗತ್ಪ್ರಸಿದ್ಧನಾದನು. 1969, 70ರ ಸುಮಾರಿನ ಆ ಕೂಲಿಹಾಡುಗಳನ್ನು ಆಮೇಲೆ ಹುಡುಕಿ ತೆಗೆದು ಅವನ ಹೆಸರನ್ನು ಹಾಕಿ ಮತ್ತೆ ಮಾರಿದರು. ಅವನ ಪಕ್ಕದಲ್ಲಿ ನಿಂತು ಅದೇ ಕೂಲಿಗೆ ಹಾಡಿ ಮನೆಗೆ ಹೋದ ಉಳಿದವರ ಹೆಸರನ್ನು ಹುಡುಕಲು ಅಷ್ಟು ಆತುರ ಯಾರಿಗೂ ಇರಲಿಲ್ಲ. ರಾಯರ ಸೋದರಮಾವನವರು ಇಂಗ್ಲೆಂಡಿನಿಂದ ತಂದುಕೊಟ್ಟ ಇಂಥ ತಟ್ಟೆಗಳು ಮೂರು ಆ ಮನೆಯಲ್ಲಿವೆ.

ಇನ್ನು ಕೆಲವು ಹಾಡುಗಳಿಗೆ ಕರ್ತೃವೇ ಇಲ್ಲ. ಆನಿಮಲ್ಸ್ ತಂಡದವರು 1964ರಲ್ಲಿ ಹಾಡಿದ ‘ಹೌಸ್ ಆಫ್ ದ ರೈಸಿಂಗ್ ಸನ್’ ಜನಪದ ಗೀತೆ. 1937ರಲ್ಲಿ ಅಲನ್ ಲೋಮಾಕ್ಸ್ ಎಂಬ ಸಂಗ್ರಾಹಕನು ಕೆಂಟಕಿ ಪ್ರಾಂತದ ಮಿಡ್ಲ್ಸ್‌ಬರೋ ಊರಿನಲ್ಲಿ ಜಾರ್ಜಿಯಾ ಟರ್ನರ್ ಎಂಬ ಹದಿನಾರು ವರ್ಷದ ಹುಡುಗಿಯ ಬಾಯಿಂದ ಅದನ್ನು ಮುದ್ರಿಸಿಕೊಂಡನು. ಆಗ ಅದು ಕೆಟ್ಟುಹೋದ ಹೆಣ್ಣೊಬ್ಬಳ ಅಳಲು. ಆನಿಮಲ್ಸರಲ್ಲಿ ಕೆಟ್ಟುಹೋದ ಹುಡುಗನದು. ತಟ್ಟೆಯ ಮೇಲೆ ಸಂಯೋಜನೆಮಾಡಿದವರೆಂದು ಐವರ ಹೆಸರನ್ನೂ ಹಾಕಲು ಸ್ಥಳ ಸಾಲದೆಂದು ಆರ್ಗನ್ನು ನುಡಿಸಿದ ಅಲನ್ ಪ್ರೈಸ್ ಒಬ್ಬನ ಹೆಸರನ್ನೇ ಹಾಕಿದರೆಂದು ಉಳಿದವರು ಹೇಳುವರು. ಆ ಬಾಬಿನ ಗೌರವಧನವೂ ಅವನೊಬ್ಬನಿಗೇ ಸೇರಿತು. ಕಾಗದದಲ್ಲಿ ಜಾಗ ಸಾಲದ್ದಕ್ಕೆ ಇಷ್ಟು ಬೆಲೆ ತೆತ್ತವರು ಕಡಮೆ.

ಕಡೆಯದಾಗಿ ಸಿಂಹದ ಹಾಡು. ‘ದ ಲಯನ್ ಸ್ಲೀಪ್ಸ್ ಟುನೈಟ್’ 1961ರಲ್ಲಿ ಟೋಕನ್ಸ್ ಎಂಬ ಅಮೆರಿಕಾದ ತಂಡದಿಂದ ಪ್ರಸಿದ್ಧವಾಯಿತು. ನಮ್ಮ ಮಕ್ಕಳು ಮೊಮ್ಮಕ್ಕಳು 1994ರ ಸಿಂಹದ ಚಿತ್ರದ ಮೂಲಕ ಅದನ್ನು ಬಲ್ಲರು. ಅದಕ್ಕೆ ಹಿಂದೆ, 1952ರ ಸುಮಾರಿಗೆ, ವೀವರ್ಸ್ ತಂಡದವರು ‘ವಿಮೋವೆ’ ಎಂಬ ಹೆಸರಿನಿಂದ ಅದನ್ನು ಹಾಡಿದ್ದರು. ಆ ವಿಮೋವೆಗೆ ಅರ್ಥವಿಲ್ಲ. ಮೂಲದಲ್ಲಿ ‘ನೀನು ಸಿಂಹ’ ಎಂಬ ಅರ್ಥದ ಜುಲು ಭಾಷೆಯ ‘ಉಯಿಂಬುಬೆ’ ಎಂದಿದ್ದುದನ್ನು ಪೀಟ್ ಸೀಗರ್ ತಟ್ಟೆಯಿಂದ ಕೇಳಿ ಬರೆದುಕೊಂಡಾಗ ಆದ ಅಪಪಾಠ ಅದು. ಮೂಲವನ್ನು ಹಾಡಿದವನು ಸಾಲೊಮನ್ ಲಿಂಡಾ. ಜೊಹಾನ್ಸ್‌ಬರ್ಗಿನ ಗ್ಯಾಲೋ ತಟ್ಟೆ ಕಂಪನಿಯಲ್ಲಿ ಗುಡಿಸುವ, ತಟ್ಟೆಗಳನ್ನು ಕಟ್ಟುವ ಕೆಲಸದವನು. 1939ರಲ್ಲಿ ಅವನೂ ಅವನ ಸಂಗಡಿಗರೂ ಅದೇ ಕಂಪನಿಯಲ್ಲಿ ‘ಎಂಬುಬೆ’ ಎಂಬ ಈ ಹಾಡನ್ನು ಹಾಡಿದರು. ಹಕ್ಕಿಗೆ ಅವನಿಗೆ ಸಿಕ್ಕಿದುದು ಹತ್ತು ಶಿಲಿಂಗುಗಳಷ್ಟೆ ಎಂದು ಬರೆದಿದ್ದಾರೆ. ಅವನು 1962ರಲ್ಲಿ ಬಡವನಾಗಿ ತೀರಿಕೊಂಡನು. ಬ್ರಿಟಿಷ್ ಸಾಮ್ರಾಜ್ಯದ 1911ರ ಕೃತಿಸ್ವಾಮ್ಯದ ಕಾನೂನಿನಲ್ಲಿ, ಕರ್ತೃ ಸತ್ತ ಇಪ್ಪತ್ತೈದು ವರ್ಷಗಳ ಮೇಲೆ ಹಕ್ಕು ಅವನ ವಾರಸುದಾರರಿಗೆ ಹಿಂತಿರುಗಬೇಕೆಂಬ ಒಂದು ವಿಧಿಯಿತ್ತು. ನಮ್ಮ ದೇಶದಲ್ಲಿಯೂ 1914ರ ಅಧಿನಿಯಮದ ಮೂಲಕ ಆ ಕಾನೂನೇ 1957ರ ನಮ್ಮ ಸ್ವಂತ ಅಧಿನಿಯಮ ಬರುವವರೆಗೆ ನಡೆಯುತ್ತಿತ್ತು. ಎಲ್ಲರೂ ಮರೆತಿದ್ದ ಆ ವ್ಯವಸ್ಥೆಯನ್ನು ಹಿಡಿದು ದಕ್ಷಿಣ ಆಫ್ರಿಕಾದ ವಕೀಲರು ಲಿಂಡಾನ ಹೆಣ್ಣುಮಕ್ಕಳ ಪರವಾಗಿ ದಾವೆ ಹೂಡಿದರು. 2006ರಲ್ಲಿ ರಾಜಿಯಾಯಿತು. ಹಣವೂ ದೊರೆಯಿತು, ಹಾಡನ್ನು ಕಟ್ಟಿದವರ ಸಾಲಿನಲ್ಲಿ ಲಿಂಡಾನ ಹೆಸರೂ ಸೇರಿತು.

1939ರ ಆ ತಟ್ಟೆಯನ್ನು ರಾಯರು ಎಂದೂ ಕೇಳಿರಲಿಲ್ಲ. ಹಾಡು ಬಹುಪಾಲು ಒಂದೇ ಸೊಲ್ಲಿನ ಆವರ್ತನ. ಮೇಲೆ ಲಿಂಡಾನ ಎತ್ತರದ ಧ್ವನಿ ಮಾತಿಲ್ಲದೆ ಹಾರಾಡುತ್ತದೆ. ಕೊನೆಗೆ ಬಂದಾಗ ಅವನು ಆ ಕ್ಷಣದಲ್ಲಿ ಹೊಳೆದ ಒಂದು ಸ್ವರಪಂಕ್ತಿಯನ್ನು ಹೆಣೆಯುತ್ತಾನೆ. ಮುಂದೆ ಅಮೆರಿಕಾದವರು ಇಂಗ್ಲಿಷ್ ಮಾತುಗಳನ್ನು ಜೋಡಿಸಿದುದು ಆ ಪಂಕ್ತಿಗೇ. ರಾಯರು ಅದು ಬರುತ್ತಲೂ ನೆಟ್ಟಗೆ ಕುಳಿತರು. ತಟ್ಟೆ ಮುಗಿದ ಮೇಲೂ ಅದನ್ನೇ ಮೆಲ್ಲಗೆ ಹಾಡಿಕೊಂಡರು. ನಾನು ‘ಕಸ್ಯ, ರಾಯರೇ?’ ಎಂದು ಕೇಳಿ, ಹೆಸರನ್ನೂ ನಾನೇ ಹೇಳಿದೆನು. ಅವರು ಬಾಯನ್ನು ಎರಡು ಸಲ ತೆರೆದು ಮುಚ್ಚಿ, ಎಡಗೈಯಿಂದ ಪುಸ್ತಕವನ್ನು ತೋರಿಸಿದರು. ಮಗಳು ಬರೆಯಲು ಹೋದಾಗ ತಡೆದು, ಲೇಖನಿಯನ್ನು ತಾವೇ ತೆಗೆದುಕೊಂಡು, ‘ಲಿಂಡಾ’ ಎಂದು ಎಡಗೈಯಲ್ಲಿ ಮೂರನೆಯ ತರಗತಿಯ ಹುಡುಗನ ಅಕ್ಷರಗಳಲ್ಲಿ ಬರೆದರು. ಕಟ್ಟಿದವರು, ಮೊದಲು ಹಾಡಿದವರು ಎಂಬ ಎರಡು ಸಾಲುಗಳನ್ನೂ ಆ ಅಕ್ಷರಗಳು ಆವರಿಸಿದುವು.

ಪುಸ್ತಕದಲ್ಲಿ ಈಗ ನೂರ ನಲವತ್ತು ಹಾಡುಗಳಿವೆ. ಹನ್ನೊಂದರ ಮುಂದೆ ‘ಕಸ್ಯಾಪಿ’ ಎಂದೇ ನಿಂತಿದೆ. ಅವುಗಳಲ್ಲಿ ಮೂರು ಆ ಇಂಗ್ಲೆಂಡಿನ ಅಗ್ಗದ ತಟ್ಟೆಗಳವು. ಮೂರರಲ್ಲಿಯೂ ಹಾಡಿರುವ ಹೆಂಗಸು ಒಬ್ಬಳೇ ಎಂಬುದು ರಾಯರ ಅಭಿಪ್ರಾಯ. ಮೂರನೆಯದರಲ್ಲಿ ಉಸಿರು ಬೇರೆ ಕಡೆಯಲ್ಲಿ ಬೀಳುತ್ತದೆಂದು ನಾನು ಹೇಳುತ್ತೇನೆ. ಅವರು ಬೆರಳನ್ನು ಅಡ್ಡ ಆಡಿಸುತ್ತಾರೆ.